ಮೆಡಿಕಲ್ ಕಾಲೇಜಿನ ಮೇಷ್ಟ್ರ ಬಡ್ತಿಗೆ ಪೇಪರ್ ಕಡ್ಡಾಯ ಇರಬೇಕಾ?

ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದಂತೆ ಅಸೋಸಿಯೇಟ್ ಪ್ರೊಫೆಸರ್ ಆಗಲು ಎರಡು ಸಂಶೋಧನಾ ಪೇಪರ್ ಬೇಕಿತ್ತು, ಪ್ರೊಫೆಸರ್ ಆಗಲು ನಾಲ್ಕು. 2025ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂದಿದೆ. ಬೆಂಗಳೂರಿನಲ್ಲಿ ಪಾಠ ಮಾಡುವ ಇಬ್ಬರು ಇಲ್ಲಿ ಬರೆದಿದ್ದಾರೆ. ಮೊದಲನೆಯವರು ಕಮ್ಯುನಿಟಿ ಮೆಡಿಸಿನ್, ಎರಡನೆಯವರು ಜನರಲ್ ಮೆಡಿಸಿನ್.

ಪರ: ಬರೆಯದಿದ್ದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ

ನಮ್ಮ ಕಡೆ ಮಕ್ಕಳಿಗೆ ತಲೆಸ್ನಾನ ಮಾಡಿಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಹಂಡೆಯಲ್ಲಿ ಹಬೆಯಾಡುವ ನೀರು. ಒಂದರ ಹಿಂದೆ ಒಂದು ಚೊಂಬು. ಮಗುವಿಗೆ ಉಸಿರಾಡೋಕೂ ಬಿಡುವಿಲ್ಲ. ಹಾಗೆ ಹುಯ್ಯುವಾಗ ಕೆಲವು ಮಕ್ಕಳ ನೋಟ ಒಂದೇ ಕಡೆ ನಿಂತುಬಿಡುತ್ತೆ. ಮಾತು ತೊದಲುತ್ತೆ. ಕೆಲವರು ಬಚ್ಚಲಲ್ಲೇ ಬಿದ್ದು ಕೈಕಾಲು ಅದುರಿಸುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತಾರೆ.

ಇದು ಬಿಸಿನೀರಿನ ಫಿಟ್ಸ್. ಪ್ರಪಂಚದ ಹೆಚ್ಚಿನ ಕಡೆ ಅಪರೂಪ, ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಜಾಸ್ತಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1970ರ ದಶಕದಲ್ಲೇ ಇದನ್ನು ಬರೆದಿಟ್ಟರು. ನಿಮ್ಹಾನ್ಸ್ ತಂಡದ ಪೇಪರ್ 1988ರಲ್ಲಿ ಬಂತು. ಆಮೇಲೆ ಪರಿಹಾರವೂ ಬಂತು, ಅದೂ ಎಷ್ಟು ಸರಳ ನೋಡಿ. ನೀರಿನ ಬಿಸಿ ಕಮ್ಮಿ ಮಾಡಿ. ಅಷ್ಟಕ್ಕೆ ನಿಲ್ಲದಿದ್ದರೆ ವೈದ್ಯರು ಬರೆದುಕೊಟ್ಟ ಕ್ಲೋಬಜಾಮ್ ಮಾತ್ರೆಯನ್ನು ತಲೆಸ್ನಾನಕ್ಕೆ ಮುಂಚೆ ನುಂಗಿಸಿ. ಎಷ್ಟೋ ಮಕ್ಕಳಿಗೆ ದಿನಾ ಮಾತ್ರೆ ಬೇಕಾಗುವುದಿಲ್ಲ.

ಇವರು ಯಾರೂ ಬರೆಯದೆ ಸುಮ್ನೆ ಚೀಟಿ ಕೊಟ್ಟು ಕಳಿಸಿದ್ದರೆ? ಆ ತಿಳಿವಳಿಕೆ ಅವರ ರಿಟೈರ್‌ಮೆಂಟಿನ ಜೊತೆಗೇ ಮನೆಗೆ ಹೋಗುತ್ತಿತ್ತು.

ಎಲ್ಲರೂ ಹೊಸ ಕಾಯಿಲೆ ಹುಡುಕಬೇಕು ಅಂತ ನಾನು ಹೇಳುತ್ತಿಲ್ಲ. ನನ್ನ ವಾದ ಅದಕ್ಕಿಂತ ಚಿಕ್ಕದು. ಪೇಪರ್ ಬರೆಯಬೇಕು ಅಂದರೆ ಎಣಿಸಬೇಕು. ಎಣಿಸಿದಾಗ ನಮ್ಮ ಜಂಬ ಇಳಿಯುತ್ತೆ.

ನನ್ನದೇ ಹೇಳುತ್ತೇನೆ. ನಮ್ಮ ನಗರ ಆರೋಗ್ಯ ಕೇಂದ್ರದ ಸುತ್ತ ಕಟ್ಟಡ ಕೆಲಸದವರ ಶೆಡ್‌ಗಳು. ಅಲ್ಲಿ ಮಕ್ಕಳ ಲಸಿಕೆ ತಪ್ಪುತ್ತಿತ್ತು. ಸೂಜಿ ಹಾಕಿಸಿದರೆ ಜ್ವರ ಬರುತ್ತೆ ಅಂತ ತಾಯಂದಿರು ಹೆದರುತ್ತಾರೆ ಎಂದು ವರ್ಷಗಟ್ಟಲೆ ಪಾಠ ಮಾಡಿದೆ. ಬಡ್ತಿಗೆ ಒಂದು ಪೇಪರ್ ಕಮ್ಮಿ ಬಿತ್ತು. ಬೇರೆ ದಾರಿ ಇಲ್ಲದೆ ಪಿಜಿ (ಎಂ.ಡಿ. ಓದುವ) ಹುಡುಗಿಯೊಬ್ಬಳನ್ನು ಕರೆದುಕೊಂಡು ಶೆಡ್ ಶೆಡ್ ಸುತ್ತಿ, ಲಸಿಕೆಯ ವಿವರ ಇರುವ ‘ತಾಯಿ ಕಾರ್ಡ್’ ನೋಡುತ್ತಾ ಹೋದೆ. ಹೆದರಿಕೆ ಅಂದವರು ಬೆರಳೆಣಿಕೆ. ಉಳಿದವರದು ಬೇರೆಯೇ ಕಥೆ. ಆರನೇ ವಾರದ ಲಸಿಕೆ ಒಂದು ಸೈಟಿನಲ್ಲಿ, ಹತ್ತನೇ ವಾರದ ಹೊತ್ತಿಗೆ ಮೇಸ್ತ್ರಿ ಇನ್ನೊಂದು ಸೈಟಿಗೆ ಸಾಗಿಸಿರುತ್ತಾನೆ. ಕಾರ್ಡ್ ಊರಲ್ಲಿ, ಅತ್ತೆಯ ಟ್ರಂಕಿನಲ್ಲಿ. ಅಲ್ಲಿಂದ ಮುಂದೆ ನಾವು ರಿಜಿಸ್ಟರಿನಲ್ಲಿ ಮೇಸ್ತ್ರಿಯ ಫೋನ್ ನಂಬರ್ ಬರೆದುಕೊಳ್ಳಲು ಶುರು ಮಾಡಿದೆವು.

ನಿಯಮ ಇರದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆಯೇ, ಆದರೂ ನಿಜ.

ಏಳೆಂಟು ವರ್ಷಕ್ಕೆ ನಾಲ್ಕು ಪೇಪರ್ ಜಾಸ್ತಿ ಆಯ್ತಾ? ಓದೋಕೆ ಜರ್ನಲ್ ಸಿಗಲ್ಲ ಅನ್ನುವ ನೆಪವೂ ಈಗ ಅಷ್ಟು ನಡೆಯಲ್ಲ. 2025ರ ಜನವರಿಯಿಂದ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಇದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್‌ಗಳು.

ವಿರೋಧ: ಮೂರನೇ ಹೆಸರು ಖಾಲಿ ಇದೆ, ಬೇಕಾ ಸಾರ್?

ಮೇಡಂ ಹೇಳಿದ ಬಿಸಿನೀರಿನ ಕಥೆ ನಿಜ. ತಾಯಿ ಕಾರ್ಡಿನದೂ ನಿಜ ಇರಬೇಕು. ಆದರೆ ಆ ಚಂದಾ ಯೋಜನೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಈ ಊರಿನ ಖಾಸಗಿ ಮೆಡಿಕಲ್ ಕಾಲೇಜುಗಳು ಅದರಿಂದ ಹೊರಗೆ. ಅದೂ ಬಹುಪಾಲು ಓದೋಕೆ ಕೊಡುವ ದುಡ್ಡು. ಎಷ್ಟೋ ಜರ್ನಲ್‌ಗಳಲ್ಲಿ ಛಾಪಿಸೋಕೆ ಕೊಡುವ ದುಡ್ಡು ನಮ್ಮ ಜೇಬಿನದೇ.

ಕಳೆದ ವರ್ಷ ನನ್ನ ವಾಟ್ಸ್ಆ್ಯಪ್‌ಗೆ ಒಂದು ಮೆಸೇಜ್ ಬಂತು. ಪೇಪರ್ ರೆಡಿ ಇದೆ, ಇಂಡೆಕ್ಸ್ ಆದ (ಅಂದರೆ ಬಡ್ತಿಗೆ ಲೆಕ್ಕಕ್ಕೆ ಬರುವ) ಜರ್ನಲ್, ಲೇಖಕರಲ್ಲಿ ಮೊದಲ ಹೆಸರು ಹೋಯ್ತು, ಎರಡನೆಯದೂ ಹೋಯ್ತು, ಮೂರನೆಯದು ಖಾಲಿ ಇದೆ, ಬೇಕಾ ಸಾರ್? ಕೆಳಗೆ ರೇಟು. ವಿಷಯ ಏನು ಅಂತ ಕೇಳಿದೆ. ‘ನಿಮ್ಮ ಡಿಪಾರ್ಟ್‌ಮೆಂಟ್ ಹೇಳಿ, ಹೊಂದಿಸೋಣ’ ಅಂದರು. ಬ್ಲೌಸ್ ಪೀಸ್ ಮ್ಯಾಚಿಂಗ್ ಮಾಡಿಕೊಟ್ಟ ಹಾಗೆ!

ಯಾಕೆ ಮೂರನೆಯದು? 2015ರಲ್ಲಿ, ಆಯೋಗಕ್ಕೆ ಮುಂಚೆ ಇದ್ದ ವೈದ್ಯಕೀಯ ಮಂಡಳಿ ಬಡ್ತಿಗೆ ಮೊದಲ ಎರಡು ಹೆಸರುಗಳಿಗೆ ಮಾತ್ರ ಲೆಕ್ಕ ಅಂದಿತ್ತು. 2020ರಲ್ಲಿ ಅದನ್ನು ಮೂರಕ್ಕೆ ಏರಿಸಿದರು. ಅಂದಿನಿಂದ ಮೂರನೇ ಸೀಟಿಗೂ ಬೆಲೆ ಬಂತು. ನಾಲ್ಕನೆಯವರಿಗೆ ಕಾಸಿನ ಕಿಮ್ಮತ್ತಿಲ್ಲ, ರಾತ್ರಿ ಪಾಳಿಯಲ್ಲಿ ರೋಗಿಗಳ ವಿವರ ಬರೆದುಕೊಂಡ ಪಿಜಿ ಹುಡುಗ ಎಷ್ಟೋ ಸಲ ಇರುವುದು ಅಲ್ಲೇ.

ಇನ್ನೊಂದು ತಮಾಷೆ. ಒಬ್ಬನೇ ರೋಗಿಯ ಬಗ್ಗೆ ಬರೆದ ಕೇಸ್ ರಿಪೋರ್ಟ್ ಬಡ್ತಿಗೆ ನಡೆಯಲ್ಲ. ಹೊಸ ಕಾಯಿಲೆಯ ಸುಳಿವು ಸಾಮಾನ್ಯವಾಗಿ ಸಿಗುವುದೇ ಅಂಥ ಒಬ್ಬಿಬ್ಬರಲ್ಲಿ ಅಲ್ವಾ? ನಾಳೆ ನನ್ನ ಓಪಿಡಿಗೆ ಬಿಸಿನೀರಿನ ಫಿಟ್ಸ್‌ನಂಥದ್ದೇ ಇನ್ನೊಂದು ವಿಚಿತ್ರ ಬಂದರೆ, ಬಡ್ತಿಯ ಲೆಕ್ಕದಲ್ಲಿ ಅದನ್ನು ಬರೆಯುವುದು ದಂಡ. ನೂರು ಸಕ್ಕರೆ ಕಾಯಿಲೆಯವರ ವಿಟಮಿನ್ ಡಿ ನೋಡಿ, ಪಿ ವ್ಯಾಲ್ಯೂ (ಬರೀ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಂಭವದ ಅಳತೆ) 0.05ಕ್ಕಿಂತ ಕೆಳಗೆ ಬರುವವರೆಗೆ ಲೆಕ್ಕ ತಿರುವಿ ಹಾಕಿದರೆ ಲಾಭ. ಅದೇ ನಡೆಯುತ್ತಿದೆ. ಮಲ್ಲೇಶ್ವರದ ಕಡೆಯ ಭಾರತೀಯ ವಿಜ್ಞಾನ ಸಂಸ್ಥೆಯವರಿಗೆ ಲ್ಯಾಬೇ ಕೆಲಸ, ಬೆಳಿಗ್ಗೆಯಿಂದ ರಾತ್ರಿಯವರೆಗೆ. ನನ್ನ ಕೆಲಸ ಓಪಿಡಿ, ವಾರ್ಡ್, ಪಾಠ, ಪರೀಕ್ಷೆ. ಪೇಪರ್ ಮಿಕ್ಕ ಹೊತ್ತಿನದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಯುಜಿಸಿಯನ್ನೇ ನೋಡಿ. ಪಿಎಚ್‌ಡಿ ಥೀಸಿಸ್ ಕೊಡುವ ಮೊದಲು ಪೇಪರ್ ಛಾಪಿಸಿರಬೇಕು ಎಂಬ ನಿಯಮವನ್ನು 2022ರಲ್ಲಿ ತೆಗೆದುಹಾಕಿತು. ಸಂಶೋಧನೆಯೇ ಕೆಲಸವಾಗಿರುವವರಿಗೆ ಬೇಡ ಅಂದದ್ದು, ಸ್ಟೆತಸ್ಕೋಪ್ ಹಾಕಿಕೊಂಡ ಮೇಷ್ಟ್ರಿಗೆ ಅದೇ ವರ್ಷದ ನಿಯಮದಲ್ಲೂ ಕಡ್ಡಾಯವಾಗಿಯೇ ಉಳಿಯಿತು. ಎನ್‌ಐಆರ್‌ಎಫ್ ರ‍್ಯಾಂಕ್ ಬೇಕು ಅಂತ ಆಡಳಿತ ಮಂಡಳಿಗಳೂ ಬೆನ್ನು ಬಿದ್ದಿವೆ. ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಕೊಡುವ ಈ ಶ್ರೇಣಿಯ ಒಟ್ಟಾರೆ ಪಟ್ಟಿಯಲ್ಲಿ ನೂರಕ್ಕೆ ಮೂವತ್ತು ಅಂಕ ಸಂಶೋಧನೆಯ ಪಾಲಿನದು.

ಬರೆಯುವವರು ಬರೆಯಲಿ, ಅವರಿಗೆ ಸಮಯ ಕೊಡಿ, ವಾರಕ್ಕೊಂದು ದಿನ ಓಪಿಡಿ ಬಿಡಿಸಿ. ಬರೆಯದವರ ಪಾಠವನ್ನೂ ಒಮ್ಮೆ ಬಂದು ನೋಡಿ. ನಮಗೊಬ್ಬರು ಸರ್ ಇದ್ದರು. ಗುಲ್ಮ (ಹೊಟ್ಟೆಯ ಎಡಗಡೆಯ ಸ್ಪ್ಲೀನ್) ಮುಟ್ಟಿ ನೋಡುವುದನ್ನು ಅವರು ಕಲಿಸಿದ ರೀತಿ ಈಗಲೂ ಕೈಯಲ್ಲಿದೆ. ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, ರೋಗಿಗೆ ‘ಉಸಿರು ಎಳ್ಕೊಳ್ಳಿ’ ಅನ್ನುತ್ತಿದ್ದರು. ‘ಒತ್ತಬೇಡ. ಕಾಯ್ತಾ ಇರು. ಅದೇ ಬಂದು ತಾಕುತ್ತೆ.’ ತಾಕಿತು. ಅವರು ಅಸಿಸ್ಟೆಂಟ್ ಪ್ರೊಫೆಸರ್ ಆಗಿಯೇ ರಿಟೈರ್ ಆದರು.

ನನಗೆ ಇನ್ನೊಂದು ಪೇಪರ್ ಬಾಕಿ ಇದೆ. ಮಾರ್ಚ್ ಒಳಗೆ ಆಗಬೇಕು. ನನ್ನ ಪಿಜಿ ಹುಡುಗನ ಥೀಸಿಸ್ ಮೊನ್ನೆ ಬೈಂಡಿಂಗ್ ಆಗಿ ಬಂದಿದೆ, ಕಪ್ಪು ರೆಕ್ಸಿನ್, ಮೇಲೆ ಬಂಗಾರದ ಅಕ್ಷರ. ಅದರಿಂದಲೇ ಒಂದು ಬರೆಯಬಹುದು. ಹೆಸರುಗಳನ್ನು ಯಾವ ಕ್ರಮದಲ್ಲಿ ಹಾಕುವುದು ಅಂತ ಅವನು ನನ್ನನ್ನು ಇನ್ನೂ ಕೇಳಿಲ್ಲ.