ಸಿಂಥಿಯಾ ಮಾಂಗ್ ಅವರನ್ನು ಬರೀ ಕರುಣಾಮಯಿ ಮಾಡಬೇಡಿ

ಡಾ. ಸಿಂಥಿಯಾ ಮಾಂಗ್ ಬಗ್ಗೆ ಯಾರೇ ಬರೆಯಲಿ, ಎರಡನೇ ಸಾಲಿಗೇ ‘ಬರ್ಮಾದ ಮದರ್ ತೆರೇಸಾ’ ಬಂದುಬಿಡುತ್ತದೆ. ಮೆಚ್ಚಿ ಹೇಳುವ ಮಾತೇ, ಒಪ್ಪುತ್ತೇನೆ. ಆದರೂ ನನಗೆ ಕಿರಿಕಿರಿ. ಹಾಗಂದ ಕೂಡಲೇ ರೋಗಿಯ ಹಾಸಿಗೆ ಪಕ್ಕ ಕೂತು ಹಣೆ ಸವರುವ ತಾಯಿಯೊಬ್ಬರು ಕಣ್ಮುಂದೆ ಬರುತ್ತಾರೆ. ಸರ್ಕಾರವೇ ಕೈಬಿಟ್ಟ ಜನರ ನಡುವೆ ಒಂದಿಡೀ ಆರೋಗ್ಯ ಇಲಾಖೆಯನ್ನು ಕಟ್ಟಿದ ವೈದ್ಯೆ ಮಾತ್ರ ಎಲ್ಲೋ ಮರೆಯಾಗಿಬಿಡುತ್ತಾರೆ.

ಹುಟ್ಟಿದ್ದು 1959ರಲ್ಲಿ, ಬರ್ಮಾದ (ಈಗಿನ ಮ್ಯಾನ್ಮಾರ್) ರಂಗೂನಿನಲ್ಲಿ, ಅಲ್ಪಸಂಖ್ಯಾತ ಕರೆನ್ ಸಮುದಾಯದಲ್ಲಿ. ವೈದ್ಯಕೀಯ ಓದಿ ಕೆಲಸಕ್ಕೆ ಸೇರಿದಾಗ ಕಂಡ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧವನ್ನೂ ರೋಗಿಯ ಮನೆಯವರೇ ಕೊಂಡು ತರಬೇಕಿತ್ತು. ಅದಕ್ಕಾಗಿ ಮನೆಯ ಸಾಮಾನು ಮಾರಿದವರಿದ್ದರು. ಆಮೇಲೆ ಕರೆನ್ ರಾಜ್ಯದ ಹಳ್ಳಿಯೊಂದಕ್ಕೆ ಹೋದರು. 1988ರಲ್ಲಿ ದೇಶವಿಡೀ ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿಯಿತು. ಸೆಪ್ಟೆಂಬರ್ 18ಕ್ಕೆ ಸೇನೆ ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ ಅವರು 14 ಸಂಗಡಿಗರೊಂದಿಗೆ ಕಾಡು ಹಿಡಿದರು. ಹೆಚ್ಚಾಗಿ ರಾತ್ರಿಯೇ ನಡಿಗೆ. ದಾರಿಯ ಹಳ್ಳಿಗಳಲ್ಲಿ ಕೈಲಿದ್ದಷ್ಟು ಔಷಧ ಕೊಡುತ್ತಾ ಥಾಯ್ಲೆಂಡ್ ತಲುಪಿದಾಗ ಅವರಿಗಿನ್ನೂ 28.

1989ರ ಫೆಬ್ರವರಿಯಲ್ಲಿ ಗಡಿ ಪಟ್ಟಣ ಮೇ ಸೋಟ್‌ನ ಹೊರವಲಯದಲ್ಲಿ, ಮಣ್ಣು ನೆಲದ ಹಳೇ ಮನೆಯೊಂದರಲ್ಲಿ ಕ್ಲಿನಿಕ್ ತೆರೆದರು. ಉಪಕರಣಗಳನ್ನು ಕ್ರಿಮಿಮುಕ್ತ ಮಾಡಲು ಇದ್ದದ್ದು ಅನ್ನ ಮಾಡುವ ಕುಕ್ಕರ್. (ಈ ಕುಕ್ಕರ್ ಇಲ್ಲದೆ ಅವರ ಬಗ್ಗೆ ಒಂದು ಲೇಖನವೂ ಮುಗಿಯುವುದಿಲ್ಲ, ನಾನೂ ಬಿಡಲಿಲ್ಲ ನೋಡಿ.) ಮೂರು ತಿಂಗಳಲ್ಲಿ ಊರಿಗೆ ಮರಳಬಹುದು ಅಂದುಕೊಂಡಿದ್ದರಂತೆ. ಮೂರು ದಶಕ ದಾಟಿದೆ. ಮೊದಲು ಬಂದದ್ದು ಬರ್ಮಾದಿಂದ ಓಡಿಬಂದ, ಮಲೇರಿಯಾ ಹಿಡಿದ ವಿದ್ಯಾರ್ಥಿಗಳು. ಆಮೇಲೆ ನೆಲಬಾಂಬಿಗೆ ಕಾಲು ಕಳೆದುಕೊಂಡವರು, ಹೊಲ ಮತ್ತು ಕಾರ್ಖಾನೆಗಳ ವಲಸೆ ಕೂಲಿಗಳು, ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡು ಜೀವಕ್ಕೆ ಕುತ್ತು ತಂದುಕೊಂಡ ಹೆಣ್ಣುಮಕ್ಕಳು. ಮೇ ತಾವ್ ಎಂಬ ಈ ಕ್ಲಿನಿಕ್ ಈಗ ಕೃತಕ ಕಾಲನ್ನೂ ಮಾಡಿಕೊಡುತ್ತದೆ, ಹೆರಿಗೆಯನ್ನೂ ಮಾಡಿಸುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯ ಆಸ್ಪತ್ರೆ ಅಂದು ಸುಮ್ಮನಾಗಬಹುದಿತ್ತು. ನನ್ನನ್ನು ಹಿಡಿದಿಟ್ಟದ್ದು ಅವರ ಉಳಿದ ಕೆಲಸ.

ಗಡಿಯಾಚೆ, ಯುದ್ಧದ ನಡುವೆ ಸಿಕ್ಕಿಕೊಂಡವರಿಗೆ ಮೇ ಸೋಟ್‌ಗೆ ಬರುವುದಕ್ಕೇ ಆಗುವುದಿಲ್ಲ. ಹಾಗಾಗಿ 1998ರಲ್ಲಿ ಕರೆನ್, ಕರೆನ್ನಿ, ಮೋನ್ ಸಮುದಾಯಗಳ ಆರೋಗ್ಯ ಕಾರ್ಯಕರ್ತರೊಂದಿಗೆ ಸೇರಿ ‘ಬ್ಯಾಕ್‌ಪ್ಯಾಕ್’ ತಂಡ ಕಟ್ಟಿದರು. ಅದೇ ಊರುಗಳ ಹುಡುಗ ಹುಡುಗಿಯರಿಗೆ ತರಬೇತಿ. ಔಷಧ ಬೆನ್ನಿಗೇರಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡಿಗೆ. ಈ ಕೆಲಸದಲ್ಲಿ ನೆಲಬಾಂಬಿಗೆ, ಗುಂಡಿಗೆ ಸತ್ತವರೂ ಇದ್ದಾರೆ.

ಈ ತಂಡದವರು ಔಷಧ ಕೊಟ್ಟು ಬರುವುದಷ್ಟೇ ಅಲ್ಲ, ಮನೆಮನೆಯಲ್ಲೂ ಯಾರು ಸತ್ತರು, ಯಾವುದರಿಂದ ಸತ್ತರು, ಸೇನೆ ಒಕ್ಕಲೆಬ್ಬಿಸಿತ್ತೇ ಎಂದೂ ಕೇಳಿ ಬರೆದುಕೊಂಡರು. 2006ರಲ್ಲಿ ಆ ಲೆಕ್ಕ ಹೊರಬಂದಾಗ ತಿಳಿದದ್ದು: ಪೂರ್ವ ಬರ್ಮಾದ ಆ ಭಾಗಗಳಲ್ಲಿ ಐದು ವರ್ಷ ತುಂಬುವ ಮೊದಲೇ ಐದರಲ್ಲೊಂದು ಮಗು ಸಾಯುತ್ತಿತ್ತು. ಮುಖ್ಯ ಕಾರಣ ಮಲೇರಿಯಾ. ಒಕ್ಕಲೆಬ್ಬಿಸಿದ ಕುಟುಂಬಗಳಲ್ಲಿ ಸಾವು ಇನ್ನೂ ಹೆಚ್ಚು. ಸೇನೆಯ ಸರ್ಕಾರದ ಅಂಕಿಅಂಶದಲ್ಲಿ ಕಾಣದ ಜನ ಇವರು. ಕಾಡಿನಲ್ಲಿ ನೋಟ್‌ಬುಕ್ ಹಿಡಿದು ಸಾವಿನ ಲೆಕ್ಕ ಬರೆಯುವುದಿದೆಯಲ್ಲ, ಅದೇ ಸಾರ್ವಜನಿಕ ಆರೋಗ್ಯದ ಅಸಲು ಕೆಲಸ ಅಂತ ನನ್ನ ನಂಬಿಕೆ.

ಹೆರಿಗೆಯ ವಿಷಯಕ್ಕೆ ಬಂದರೆ ಇನ್ನೂ ಬೆರಗು. ಸುಮಾರು 2005ರಿಂದ ಇದೇ ಗಡಿಯ ಸಂಘಟನೆಗಳು ಹಳ್ಳಿಯ ಕಾರ್ಯಕರ್ತೆಯರಿಗೆ ಬಾಣಂತಿಯ ರಕ್ತಸ್ರಾವ ನಿಲ್ಲಿಸುವುದನ್ನು, ಅಲ್ಲೇ ಹಳ್ಳಿಯವರ ರಕ್ತ ಪರೀಕ್ಷಿಸಿ ಏರಿಸುವುದನ್ನು ಕಲಿಸಿದವು. ರಕ್ತನಿಧಿ ಇಲ್ಲ, ಫ್ರಿಜ್ ಇಲ್ಲ. ರಕ್ತ ಕೊಡುವವರೇ ನಡೆದು ಬರಬೇಕು. ಕೆಲವೇ ವರ್ಷಗಳಲ್ಲಿ ತರಬೇತಿ ಪಡೆದವರ ಕೈಯಲ್ಲಿ ಆಗುವ ಹೆರಿಗೆ ನೂರಕ್ಕೆ ಐದರಿಂದ ಅರ್ಧದ ಹತ್ತಿರಕ್ಕೆ ಬಂತು. ‘ಇದೆಲ್ಲ ಡಾಕ್ಟರೇ ಮಾಡಬೇಕು’ ಎಂದು ಪಟ್ಟು ಹಿಡಿದು ಕೂತಿದ್ದರೆ ಇದು ಆಗುತ್ತಿತ್ತೇ?

ಕಾಗದದ ವಿಷಯ ಬೇರೆ. ಕ್ಲಿನಿಕ್‌ನಲ್ಲಿ ಹುಟ್ಟಿದ ಮಗುವಿಗೆ ಹೆರಿಗೆಯ ದಾಖಲೆ ಸಿಗುತ್ತದೆ. ಥಾಯ್ಲೆಂಡಿನಲ್ಲಿ ಜನನ ನೋಂದಣಿ ಮಾಡಿಸಲು ಅದೇ ಆಧಾರ. ನೋಂದಣಿಯೇ ಇಲ್ಲದ ಮಗು ಯಾವ ದೇಶದ ಪುಸ್ತಕದಲ್ಲೂ ಇರುವುದಿಲ್ಲ. ಇಂಥ ಮಕ್ಕಳಿಗಾಗಿ ಶಾಲೆಯನ್ನೂ ನಡೆಸಿದ್ದಾರೆ.

ಪ್ರಶಸ್ತಿಗಳಿಗೇನೂ ಕೊರತೆಯಿಲ್ಲ. ಹೆಗ್ಗೋಡಿನ ಸುಬ್ಬಣ್ಣನವರಿಂದ ನಮಗೆ ಪರಿಚಯವಾದ ಮ್ಯಾಗ್ಸೆಸೆ ಇವರಿಗೆ 2002ರಲ್ಲಿ ಬಂತು. 2013ರಲ್ಲಿ ಸಿಡ್ನಿ ಶಾಂತಿ ಪ್ರಶಸ್ತಿ. ಆದರೆ ಅದೇ ಹೊತ್ತಿಗೆ, ಬರ್ಮಾದಲ್ಲಿ ‘ಸುಧಾರಣೆ’ ಶುರುವಾಯಿತೆಂದು ನೆರವೆಲ್ಲ ಗಡಿಯಿಂದ ದೇಶದೊಳಕ್ಕೆ ತಿರುಗತೊಡಗಿತ್ತು. ಹಾರ ಹಾಕಿ ಕಿಸೆಗೆ ಕತ್ತರಿ ಹಾಕಿದ ಹಾಗೆ.

ಆ ಸುಧಾರಣೆಯ ಗತಿ 2021ರ ಫೆಬ್ರವರಿಯಲ್ಲಿ ಎಲ್ಲರೂ ನೋಡಿದರು. ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಾಗ ಮೊದಲು ಕೆಲಸ ಬಿಟ್ಟು ಪ್ರತಿಭಟಿಸಿದವರಲ್ಲಿ ಸರ್ಕಾರಿ ಆಸ್ಪತ್ರೆಗಳ ವೈದ್ಯರು, ನರ್ಸ್‌ಗಳು ಇದ್ದರು. ಎಷ್ಟೋ ಮಂದಿ ಜೈಲಿಗೆ, ಎಷ್ಟೋ ಮಂದಿ ಇದೇ ಗಡಿಗೆ. 2025ರಲ್ಲಿ ಅಮೆರಿಕ ನೆರವು ತಡೆಹಿಡಿದಾಗ ಅಲ್ಲಿನ ನಿರಾಶ್ರಿತರ ಶಿಬಿರಗಳ ಆಸ್ಪತ್ರೆಗಳಿಗೆ ಬೀಗ ಬಿತ್ತು. ದೊಡ್ಡ ನೆರವು ಸಂಸ್ಥೆಗಳು ಈಗಲೂ ರಾಜಧಾನಿಯ ಅನುಮತಿಗಾಗಿ ಕಾಯುತ್ತವೆ. ಬಾಂಬು ಹಾಕುವವರ ಅನುಮತಿ ಕೇಳಿ ಗಾಯಾಳುವಿಗೆ ಔಷಧ ಕಳಿಸುವುದು ಯಾವ ನ್ಯಾಯವೋ! ಬೆನ್ನಿಗೆ ಚೀಲ ಏರಿಸಿದವರಿಗೆ ದಾರಿ ಗೊತ್ತು, ಹಳ್ಳಿ ಗೊತ್ತು. ಹಣ ನೇರವಾಗಿ ಅವರ ಕೈಗೇ ಹೋಗಬೇಕು, ಅದೂ ಒಂದು ವರ್ಷದ ಯೋಜನೆಯ ಲೆಕ್ಕದಲ್ಲಲ್ಲ.