ಶೇ 45 ಇದ್ದರೆ ಸಾಲದು

ಸುಣ್ಣದಕಲ್ಲಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ 45 ಇದ್ದರೆ ಸಿಮೆಂಟಿಗೆ ಸಾಕು ಎಂದು ಲೇಖನವೊಂದು ಹೇಳುತ್ತದೆ. ಅದು ಮೊದಲ ಜರಡಿ ಮಾತ್ರ. ನಾವಿರುವ ಬೆಂಗಳೂರಿನಡಿ ಇರುವುದು ಗ್ರಾನೈಟ್, ನೈಸ್ ಎಂಬ ಗಟ್ಟಿ ಶಿಲೆಗಳು. ಸುಣ್ಣದಕಲ್ಲು ಬೇಕೆಂದರೆ ಕಲಬುರಗಿ ಜಿಲ್ಲೆಯ ಸೇಡಂ, ವಾಡಿಯಂಥ ಕಡೆ ನೋಡಬೇಕು. ಅಲ್ಲಿನ ಕಲ್ಲನ್ನು ಇಲ್ಲಿ ಕೂತು ಒಂದೇ ಅಂಕಿಯಿಂದ ಅಳೆಯುವುದು ಸರಿಯಲ್ಲ.

ಕಲ್ಲಿನಲ್ಲಿರುವ ಮೆಗ್ನೀಷಿಯಾ, ಅಂದರೆ ಮೆಗ್ನೀಷಿಯಂ ಆಕ್ಸೈಡ್, ನೋಡಿ. ಸುಣ್ಣದಕಲ್ಲು, ಜೇಡಿ ಅರೆದ ಕಚ್ಚಾ ಪುಡಿ ಸುಡುವಾಗ ಇಂಗಾಲದ ಡೈಆಕ್ಸೈಡ್ ಹೋಗಿ ತೂಕ ಸುಮಾರು ಶೇ 35 ಇಳಿಯುತ್ತದೆ. ಹಾಗಾಗಿ ಪುಡಿಯಲ್ಲಿ ಶೇ 3.5 ಇದ್ದದ್ದು ಸುಟ್ಟು ಬರುವ ಕ್ಲಿಂಕರ್ ಗಟ್ಟಿಯಲ್ಲಿ (ಇದನ್ನು ಅರೆದರೆ ಸಿಮೆಂಟ್) ಶೇ 5 ದಾಟುತ್ತದೆ. ಹೆಚ್ಚಾದದ್ದು ಪೆರಿಕ್ಲೇಸ್ ಹರಳಾಗಿ ಉಳಿದು, ವರ್ಷಗಳ ನಂತರ ನೀರು ಹೀರಿ ಹಿಗ್ಗಿ ಕಾಂಕ್ರೀಟನ್ನು ಸೀಳುತ್ತದೆ. ಗಣಿಯಲ್ಲೇ ಸುಳಿವು ಸಿಗುತ್ತದೆ: ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಸುಣ್ಣದಕಲ್ಲು ತಕ್ಷಣ ನೊರೆಯುಕ್ಕುತ್ತದೆ, ಮೆಗ್ನೀಷಿಯಂ ಹೆಚ್ಚಿರುವ ಡಾಲೊಮೈಟನ್ನು ಗೀರಿ ಪುಡಿ ಮಾಡಿದರಷ್ಟೇ ನೊರೆ ಬರುತ್ತದೆ.

ಸಿಲಿಕಾದ ಪ್ರಮಾಣದಷ್ಟೇ ರೂಪವೂ ಮುಖ್ಯ. ಜೇಡಿಯಲ್ಲಿರುವ ಸಿಲಿಕಾ ಬೇಗ ಬೆರೆಯುತ್ತದೆ. 45 ಮೈಕ್ರಾನಿಗಿಂತ ದಪ್ಪ ಸ್ಫಟಿಕದ (ಕ್ವಾರ್ಟ್ಜ್) ಕಣ ಸುಲಭವಾಗಿ ಬೇಯುವುದಿಲ್ಲ, ಅದರೊಡನೆ ಸೇರಬೇಕಾದ ಸುಣ್ಣ ಹಾಗೇ ಉಳಿಯುತ್ತದೆ. ಆಮ್ಲದಲ್ಲಿ ಕರಗದ ಶೇಷವನ್ನು ಜರಡಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಕ್ಲೋರೈಡ್ ತುಸು ಹೆಚ್ಚಿದರೂ ಪುಡಿಯನ್ನು ಗೂಡಿಗೆ ಮುಂಚೆ ಬಿಸಿ ಮಾಡುವ ಪ್ರೀಹೀಟರ್ ಸೈಕ್ಲೋನ್ ಕಟ್ಟಿಕೊಳ್ಳುತ್ತದೆ.

ಇಷ್ಟೆಲ್ಲ ಪರೀಕ್ಷೆ ಮಾಡಿದರೂ ಮಾದರಿ ತೆಗೆಯುವಲ್ಲೇ ಹೆಚ್ಚಿನವರು ಎಡವುತ್ತಾರೆ. ಡ್ರಿಲ್ ಕುಳಿಯ ಸುತ್ತ ಬಿದ್ದ ಪುಡಿಗುಡ್ಡೆಯ ಮೇಲಿಂದ ಒಂದು ಹಿಡಿ ಎತ್ತಿದರೆ ಸಿಗುವುದು ಕುಳಿಯ ತಳದ ಕಲ್ಲು ಮಾತ್ರ. ಗುಡ್ಡೆಯನ್ನು ಅಂಚಿನಿಂದ ಕುಳಿಯವರೆಗೆ ಬುಡಮಟ್ಟ ಸೀಳಿ ತೆಗೆಯಿರಿ. ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನಷ್ಟೇ ಉಳಿಸಿಕೊಳ್ಳಿ.