ಪ್ರದರ್ಶನ ಸಂಖ್ಯೆ 7

ನಮ್ಮೂರ ಹತ್ತನೇ ಕ್ಲಾಸಿನ ಮಕ್ಕಳಿಗೆ ಡೆಂಗ್ಯೂ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ "ಈಡಿಸ್ ಈಜಿಪ್ಟಿ, ಹಗಲು ಕಚ್ಚುವುದು, ತಿಳಿನೀರಲ್ಲಿ ಮೊಟ್ಟೆ" ಎಂದು ಮಗ್ಗಿ ಒಪ್ಪಿಸುತ್ತಾರೆ. ಆ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ ಅನ್ನುವುದೂ ಗೊತ್ತು. ಎರಡು ಮಾರ್ಕಿನ ಪ್ರಶ್ನೆ ಅದು.

ಜೂನ್ ಮಳೆ ಶುರುವಾದರೆ ಕಾಸರಗೋಡಿನಲ್ಲಿ ಜ್ವರಕ್ಕಿಂತ ಮೊದಲು ಜಾಗೃತಿ ಹರಡುತ್ತದೆ. ಜಾಥಾ, ಕ್ವಿಜ್, ಪ್ರತಿಜ್ಞೆ. ಈ ಸಲ ಕನ್ನಡ ಮೀಡಿಯಂ ಮಕ್ಕಳ ಕೈಗೆ ಬಂದ ಕರಪತ್ರ ಮಲಯಾಳದ್ದು. ಓದಲು ಬಾರದವರು ದೋಣಿ ಮಾಡಿ ಅಂಗಳದ ನೀರಿಗೆ ಬಿಟ್ಟರು. ಅಂತೂ ಮಾಹಿತಿ ನುಸಿಗಾದರೂ ತಲುಪಿತು.

ಡ್ರೈ ಡೇ ಅಂತ ಒಂದಿದೆ. ಶುಕ್ರವಾರ ಶಾಲೆಯಲ್ಲಿ, ಶನಿವಾರ ಆಫೀಸಿನಲ್ಲಿ, ಭಾನುವಾರ ಮನೆಯಲ್ಲಿ ನಿಂತ ನೀರು ಚೆಲ್ಲಬೇಕು. ಮೊಟ್ಟೆ ಹಾರುವ ನುಸಿಯಾಗಲು ವಾರ, ಹತ್ತು ದಿನ ಬೇಕಲ್ಲ, ಅದಕ್ಕೇ ವಾರಕ್ಕೊಮ್ಮೆ. ತಂಗಿಯ ಮಗಳು ಇದನ್ನು ವಿವರಿಸುತ್ತಿದ್ದರೆ ಪಕ್ಕದ ಮನೆಯ ಅಜ್ಜ, "ಡ್ರೈ ಡೇ ಒಂದನೇ ತಾರೀಕಿಗಲ್ವಾ?" ಎಂದರು. ಅವರ ಲೆಕ್ಕ ಬಿವರೇಜ್ ಅಂಗಡಿಯದ್ದು.

"ತೋಟದ ಅಡಿಕೆ ಹಾಳೆಗಳನ್ನು ಕವುಚಿ ಹಾಕಿದೆಯಾ?" ಎಂದು ಕೇಳಿದೆ.

"ಇಲ್ಲ ಮಾವ. ಪೋರ್ಷನ್‌ನಲ್ಲಿ ಟಯರ್, ಹೂಕುಂಡ ಮಾತ್ರ ಇರುವುದು."

ಹೋಗಿ ನೋಡಿದೆ. ಬಿದ್ದ ಅಡಿಕೆ ಹಾಳೆಯೊಂದರಲ್ಲಿ ಅರ್ಧ ಲೋಟ ಮಳೆನೀರು. ಅದರಲ್ಲಿ ತಲೆ ಕೆಳಗಾಗಿ ನೇತಾಡುವ ಹುಳಗಳು. ನನ್ನ ನೆರಳು ಬಿದ್ದದ್ದೇ ತಡ, ಕೊಂಕುತ್ತಾ ಬಳುಕುತ್ತಾ ತಳಕ್ಕೆ. ಪ್ರಾಕ್ಟಿಕಲ್ ಸರಿಯಾಗಿ ಕಲಿತವು ಅವು ಮಾತ್ರ. ಮಕ್ಕಳನ್ನು ಸುಮ್ನೆ ಬೈದು ಏನು ಮಾಡುವುದು? ಮೈಕಿನಲ್ಲಿ ಹೇಳಿದವರಿಗೆ ಕಪ್ ಉಂಟು. ಹಾಳೆ ಕವುಚಿದವರಿಗೆ ಅಂಗಿ ತುಂಬ ಕೆಸರು, ಅಮ್ಮನ ಬೈಗಳು.

ವಿಜ್ಞಾನ ಮೇಳ ನಡೆದದ್ದು ಒಂದು ಗುರುವಾರ. ಪ್ರದರ್ಶನ ಸಂಖ್ಯೆ 7ಕ್ಕೆ ಮೊದಲ ಬಹುಮಾನ: ಹಾರ್ಲಿಕ್ಸ್ ಬಾಟಲಿಯಲ್ಲಿ ಜೀವಂತ ಲಾರ್ವಾ ಮತ್ತು ಪ್ಯೂಪಾ, ಬಾಯಿಗೆ ತೆಳುಬಟ್ಟೆ, ಹಿಂದೆ ಬಣ್ಣದ ಚಾರ್ಟು. ಫೋಟೋ ಚೆನ್ನಾಗಿ ಬರಲಿ ಅಂತ ಅತಿಥಿಗಳು ಬಟ್ಟೆ ತೆಗೆಸಿದರು. ಮತ್ತೆ ಕಟ್ಟುವುದು ಯಾರ ಡ್ಯೂಟಿಯೂ ಆಗಿರಲಿಲ್ಲ. ಮರುದಿನ ಡ್ರೈ ಡೇ. ಪ್ಯೂನ್ ಪಾಪ, ಹೂಕುಂಡದ ತಟ್ಟೆಯನ್ನೂ ಬಿಡದೆ ಚೆಲ್ಲುತ್ತಾ ಬಂದು ಬಾಟಲಿಗೂ ಕೈ ಹಾಕಿದ್ದ.

"ಅದನ್ನು ಮುಟ್ಟಬೇಡ ಮಾರಾಯ, ಉಪಜಿಲ್ಲಾ ಮೇಳಕ್ಕೆ ಹೋಗಲಿಕ್ಕುಂಟು!" ಎಂದರು ಮಾಸ್ಟ್ರು.

ಸೋಮವಾರ ಬಾಗಿಲು ತೆಗೆದಾಗ ಬಾಟಲಿಯ ನೀರಿನ ಮೇಲೆ ಒಣ ಸಿಪ್ಪೆಗಳು ತೇಲುತ್ತಿದ್ದವು. ಚಾರ್ಟ್ ಓದಿದೆ. "ಪ್ಯೂಪಾ: ಸುಮಾರು 2 ದಿನ." ಮಕ್ಕಳ ಲೆಕ್ಕ ಸರಿಯಾಗಿಯೇ ಇತ್ತು.